ಲಗೋರಿ ಆಡುವ ಯಂತ್ರ ಮತ್ತು ನಮ್ಮ ಲೇತ್ ಅಂಗಡಿಗಳು

ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಪರ್ಧೆಗಾಗಿ ರೋಬೋಟ್ ನಿರ್ಮಿಸುತ್ತಾರೆಂದರೆ ಅದು ಕಾಲೇಜಿನ ಪ್ರಯೋಗಾಲಯದೊಳಗೆ ಮುಗಿಯುವ ವ್ಯವಹಾರವೆಂದು ವ್ಯಾಪಾರಸ್ಥರು ಭಾವಿಸುವುದು ಸಹಜ. ವಾಸ್ತವದಲ್ಲಿ ಅಂತಹ ಯಂತ್ರದ ಬಹುಪಾಲು ರೂಪುಗೊಳ್ಳುವುದು ಲೇತ್ ಅಂಗಡಿಯಲ್ಲಿ, ವೆಲ್ಡಿಂಗ್ ಶೆಡ್ಡಿನಲ್ಲಿ, ಬೇರಿಂಗ್ ಮಾರುವವರ ಗಲ್ಲಾದ ಮುಂದೆ. ವಿಜಯಪುರ ನಗರದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಮಹಲ್ ಬಾಗಾಯತ ಕೈಗಾರಿಕಾ ಪ್ರದೇಶವಿದೆ. ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ಯಂತ್ರದ ನೆರವಿಗಾಗಿ ಕಾದಿರುವ ದ್ರಾಕ್ಷಿ ಉದ್ದಿಮೆಯಿದೆ. ಇವುಗಳ ನಡುವೆ ಕೊಡುಕೊಳ್ಳುವಿಕೆ ಬೆಳೆಯಬೇಕಾದರೆ, ವಿದ್ಯಾರ್ಥಿಗಳ ರೋಬೋಟ್ ಹೇಗೆ ಹುಟ್ಟುತ್ತದೆಂಬುದನ್ನು ಸದಸ್ಯ ಬಾಂಧವರು ತಿಳಿದಿರುವುದು ಉಪಯುಕ್ತ.

ಈ ಬಗೆಯ ಸ್ಪರ್ಧೆಗಳಲ್ಲಿ ನಮ್ಮ ದೇಶದಲ್ಲಿ ಹೆಸರಾದುದು ರೋಬೊಕಾನ್. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ತನ್ನ ದೇಶದ ವಿದ್ಯಾರ್ಥಿಗಳಿಗಾಗಿ 1988ರಲ್ಲಿ ಆರಂಭಿಸಿದ ಪಂದ್ಯಾಟವೇ ಇದರ ಮೂಲ. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ ಆಶ್ರಯದಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ 2002ರಲ್ಲಿ ಟೋಕಿಯೋದಲ್ಲಿ ಜರುಗಿತು. ಆ ವರ್ಷದ ಆಟ ಯಾವುದೆಂಬುದನ್ನು ಆತಿಥೇಯ ದೇಶ ಗೊತ್ತುಪಡಿಸುವುದು ಪದ್ಧತಿ. 2008ರಲ್ಲಿ ಪುಣೆಯಲ್ಲಿ ನಡೆದಾಗ ಗೋವಿಂದನ ಬೆಣ್ಣೆಗಡಿಗೆಯ ಆಟವನ್ನೂ, 2014ರಲ್ಲಿ ಮತ್ತೆ ಪುಣೆಯಲ್ಲಿಯೇ ನಡೆದಾಗ ತಂದೆ-ತಾಯಿ ಮಗುವನ್ನು ಆಡಿಸುವ ಬಗೆಯನ್ನೂ ವಸ್ತುವಾಗಿ ಇಡಲಾಗಿತ್ತು. 2022ರಲ್ಲಿ ನವದೆಹಲಿಯಲ್ಲಿ ದೂರದರ್ಶನವು ಆತಿಥ್ಯ ವಹಿಸಿದಾಗ ಆರಿಸಿದ ಆಟ ಲಗೋರಿ.

ಲಗೋರಿಯನ್ನು ನಮ್ಮ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ತಿಕೋಟಾದ ಓಣಿಗಳಲ್ಲಿ, ಬಬಲೇಶ್ವರದ ಶಾಲಾ ಬಯಲಿನಲ್ಲಿ ಚಪ್ಪಟೆ ಕಲ್ಲುಗಳನ್ನು ಪೇರಿಸಿ ಚೆಂಡಿನಿಂದ ಕೆಡವಿದ ನೆನಪು ಅನೇಕರಿಗೆ ಇದ್ದೀತು. ಸ್ಪರ್ಧೆಯಲ್ಲಿ ಕಲ್ಲುಗಳ ಬದಲಿಗೆ ಕೆಳಗಿನಿಂದ ಮೇಲಕ್ಕೆ ಕಿರಿದಾಗುತ್ತ ಹೋಗುವ ಐದು ಬಿಲ್ಲೆಗಳಿದ್ದವು. ಪ್ರತಿ ತಂಡಕ್ಕೆ ಎರಡು ರೋಬೋಟ್‌ಗಳು. ಒಂದು ಚೆಂಡೆಸೆದು ಗೋಪುರವನ್ನು ಕೆಡವಬೇಕು. ಇನ್ನೊಂದು ಚದುರಿದ ಬಿಲ್ಲೆಗಳನ್ನು ಹುಡುಕಿ ಮತ್ತೆ ಪೇರಿಸಬೇಕು. ಪೇರಿಸುವ ರೋಬೋಟಿನ ತಲೆಯ ಮೇಲಿರಿಸಿದ ಚೆಂಡನ್ನು ಎದುರಾಳಿಯ ಯಂತ್ರ ಹೊಡೆದು ಬೀಳಿಸಲು ಯತ್ನಿಸುತ್ತದೆ. ಮಕ್ಕಳು ಯೋಚಿಸದೆಯೇ ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸಲು ಹೊರಟಾಗ, ಬಿದ್ದ ಬಿಲ್ಲೆ ಯಾವ ಕಡೆ ವಾಲಿದೆ, ಅದರ ಕೆಳಗೆ ಇನ್ನೊಂದು ಸಿಕ್ಕಿಕೊಂಡಿದೆಯೇ ಎಂಬುದೇ ದೊಡ್ಡ ಸಮಸ್ಯೆಯಾಗುತ್ತದೆ.

ವಿನ್ಯಾಸ ಆರಂಭವಾಗುವುದು ನಿಯಮ ಪುಸ್ತಕದಿಂದ. ಸರ್ಕಾರಿ ಟೆಂಡರಿನ ಷರತ್ತುಗಳಂತೆಯೇ ಅದರ ಒಂದೊಂದು ಸಾಲನ್ನೂ ಓದಬೇಕಾಗುತ್ತದೆ. ವಿದ್ಯುತ್ ಪೂರೈಕೆ 24 ವೋಲ್ಟ್ ಮೀರಬಾರದು. ಒತ್ತಿದ ಗಾಳಿಯ ಒತ್ತಡ 6 ಬಾರ್ ದಾಟಬಾರದು. ಎರಡೂ ರೋಬೋಟ್‌ಗಳ ಒಟ್ಟು ತೂಕ 50 ಕಿಲೋ ಒಳಗಿರಬೇಕು. ತೂಕದ ಈ ಮಿತಿಯೇ ಹಲವು ತಂಡಗಳಿಗೆ ಮೊದಲ ಪೆಟ್ಟು ಕೊಡುತ್ತದೆ. 25 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆ ಅರ್ಧ ಕಿಲೋ. ಚೌಕಟ್ಟಿಗೆ 12 ಮೀಟರ್ ಬೇಕೆಂದಿಟ್ಟುಕೊಂಡರೆ ಉಕ್ಕಿನದು 17 ಕಿಲೋ, ಅಲ್ಯೂಮಿನಿಯಂನದು 6 ಕಿಲೋ. ಮೋಟಾರು, ಬ್ಯಾಟರಿ, ಗಾಳಿಯ ಸಿಲಿಂಡರುಗಳೆಲ್ಲ ಆ ಉಳಿಕೆಯೊಳಗೆ ಬರಬೇಕು. ಆದರೆ ಉಕ್ಕನ್ನು ಬೆಸೆಯುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ದೊರೆಯುತ್ತಾರೆ. ತೆಳು ಅಲ್ಯೂಮಿನಿಯಂ ಬೆಸೆಯಲು ಬೇರೆಯೇ ಯಂತ್ರ, ಬೇರೆಯೇ ಕೈ ಬೇಕು. ಹೀಗಾಗಿ ವಿದ್ಯಾರ್ಥಿಗಳು ಬೆಸುಗೆಯ ಗೋಜಿಗೆ ಹೋಗದೆ ಪಟ್ಟಿ, ಬೋಲ್ಟು, ರಿವೆಟ್ಟುಗಳಿಂದ ಚೌಕಟ್ಟು ಕಟ್ಟುವುದುಂಟು. ಇದು ಕೊರತೆಯಲ್ಲ. ಬಿಚ್ಚಿ ಜೋಡಿಸಬಹುದಾದ ಚೌಕಟ್ಟನ್ನು ತಿದ್ದುವುದೂ ಸುಲಭ.

ಚೆಂಡೆಸೆಯಲು ಸಾಮಾನ್ಯವಾಗಿ ಎದುರುಬದುರಾಗಿ ತಿರುಗುವ ಎರಡು ಗಾಲಿಗಳನ್ನು ಬಳಸುತ್ತಾರೆ; ಕ್ರಿಕೆಟ್ ಅಭ್ಯಾಸದ ಬೌಲಿಂಗ್ ಯಂತ್ರದ ತತ್ತ್ವವೇ ಇದು. ಬೆಳಿಗ್ಗೆ ಸರಿಯಾಗಿ ಗುರಿ ಮುಟ್ಟಿದ ಯಂತ್ರ ಸಂಜೆಗೆ ತಪ್ಪತೊಡಗಿದರೆ ಕಾರಣ ಬಹುಶಃ ಬ್ಯಾಟರಿ. ವೋಲ್ಟೇಜು ಹತ್ತರಲ್ಲೊಂದು ಪಾಲು ಕುಸಿದರೆ ಗಾಲಿಯ ವೇಗವೂ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ. ಚೆಂಡು ಹೋಗುವ ದೂರವಾದರೋ ವೇಗದ ವರ್ಗವನ್ನು ಅನುಸರಿಸುವುದರಿಂದ ಸುಮಾರು ಐದರಲ್ಲೊಂದು ಪಾಲು ತಗ್ಗಿಬಿಡುತ್ತದೆ. ಆರು ಮೀಟರ್ ಹೋಗಬೇಕಾದ ಚೆಂಡು ಐದು ಮೀಟರಿಗೂ ತಲುಪದು. ಆದ್ದರಿಂದ ಗಾಲಿಯ ವೇಗವನ್ನು ಕ್ಷಣಕ್ಷಣಕ್ಕೂ ಅಳೆದು ಸರಿಪಡಿಸುವ ನಿಯಂತ್ರಣ ಬೇಕು.

ಇನ್ನು ಲೇತ್ ಅಂಗಡಿಯ ವಿಷಯ. ಗಾಲಿಯ ಹಬ್ಬಿನಲ್ಲಿ 6200 ಸಂಖ್ಯೆಯ ಬೇರಿಂಗ್ ಕೂರಿಸಬೇಕೆಂದಿರಲಿ. ಅದರ ಹೊರವ್ಯಾಸ 30 ಮಿಲಿಮೀಟರ್. ರಂಧ್ರ 30.2 ಆದರೆ ಬೇರಿಂಗ್ ಸಡಿಲಾಗಿ ಗಾಲಿ ಓಲಾಡುತ್ತದೆ, 29.9 ಆದರೆ ಸುತ್ತಿಗೆಯಿಂದ ಬಡಿದು ಬೇರಿಂಗ್ ಕೆಡುತ್ತದೆ. ಅನುಭವಿ ಟರ್ನರ್‌ಗೆ ಇದು ಮಾತಿನಲ್ಲಿ ಹೇಳಬೇಕಾದ ಸಂಗತಿಯೇ ಅಲ್ಲ. ವಿದ್ಯಾರ್ಥಿಯಾದರೋ ಕಂಪ್ಯೂಟರಿನಲ್ಲಿ 30 ಎಂದು ಬರೆದು, 30 ಎಂದರೆ 30 ಎಂದೇ ನಂಬಿ ಬಂದಿರುತ್ತಾನೆ. ಅಳತೆಗೆ ಎಷ್ಟು ಹೆಚ್ಚುಕಡಿಮೆ ಸಲ್ಲುತ್ತದೆಂಬುದನ್ನು ನಕ್ಷೆಯಲ್ಲಿ ಬರೆಯಬೇಕೆಂಬ ಪಾಠವನ್ನು ಅವನು ನಿಜವಾಗಿ ಕಲಿಯುವುದು ಲೇತ್ ಮುಂದೆ ನಿಂತಾಗ.

ಅಂಗಡಿಯವರ ದೂರೂ ನ್ಯಾಯವಾದುದೇ. ನಾಲ್ಕು ಹಬ್ಬುಗಳಿಗಾಗಿ ಯಂತ್ರ ಹೊಂದಿಸಲು ತಗಲುವ ಹೊತ್ತು ನಲವತ್ತಕ್ಕೂ ಅಷ್ಟೇ. ಅದರ ಮೇಲೆ ಹುಡುಗರು ಎರಡು ದಿನ ಬಿಟ್ಟು ಬಂದು ಅಳತೆ ಬದಲಾಯಿತು ಎನ್ನುತ್ತಾರೆ. ಇಂತಹ ಕೆಲಸವನ್ನು ಪುಕ್ಕಟೆಯಾಗಿಯಾಗಲಿ ದಾಕ್ಷಿಣ್ಯಕ್ಕಾಗಲಿ ಮಾಡಿಕೊಡಬೇಕೆಂದು ನಾವು ಹೇಳುವುದಿಲ್ಲ. ಹೊಂದಿಸುವ ಸಮಯಕ್ಕೂ ಸೇರಿಸಿ ಪೂರ್ಣ ದರ ವಿಧಿಸುವುದೇ ಯುಕ್ತ. ಬೆಲೆ ಕೊಡದ ವಿನ್ಯಾಸಗಾರ ಮಿತವ್ಯಯ ಕಲಿಯಲಾರ. ಆದರೆ ಬಾಗಿಲಲ್ಲಿಯೇ ತಿರುಗಿಸಿ ಕಳುಹಿಸಿದರೆ ಅವರು ಪುಣೆಗೋ ಬೆಳಗಾವಿಗೋ ಹೋಗುತ್ತಾರೆ. ಮುಂದೆ ಸ್ವಂತ ಉದ್ದಿಮೆ ತೆರೆಯುವಾಗಲೂ ಅವರಿಗೆ ಪರಿಚಿತವಾದದ್ದು ಆ ಊರಿನ ಅಂಗಡಿಗಳೇ ಆಗಿರುತ್ತವೆ. ನಷ್ಟ ಇಲ್ಲಿರುವುದು.

ನಮ್ಮ ನಗರದ ಇಂಜಿನಿಯರಿಂಗ್ ಕಾಲೇಜೊಂದು ಯಾರ ಹೆಸರನ್ನು ಹೊತ್ತಿದೆಯೋ ಆ ಡಾ. ಫ. ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಹಿಂದಿರುಗಿತ್ತು. ಬಳಿಕ 1925ರಲ್ಲಿ ಮನೆಯನ್ನೇ ಮಾರಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. ಬೇಕಾದ ಕೆಲಸಕ್ಕೆ ಬೇಕಾದ ಯಂತ್ರ ಊರಿನಲ್ಲಿಯೇ ಇರಬೇಕೆಂಬ ಹಟ ನಮಗೆ ಹೊಸದಲ್ಲ.

ತಿಕೋಟಾ-ಬಬಲೇಶ್ವರ ಭಾಗದ ಒಣದ್ರಾಕ್ಷಿಯನ್ನು ಈಗ ನೋಡೋಣ. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಿನಲ್ಲಿ ಒಣಗಿಸಿ, ತೊಟ್ಟು ಬೇರ್ಪಡಿಸಿದ ಮೇಲೆ ಬಣ್ಣ ಮತ್ತು ಗಾತ್ರದಂತೆ ವಿಂಗಡಿಸಬೇಕು. ಬೆಲೆ ನಿರ್ಧಾರವಾಗುವುದು ಬಹುಮಟ್ಟಿಗೆ ಈ ವಿಂಗಡಣೆಯಲ್ಲಿಯೇ. ಬಣ್ಣ ಗುರುತಿಸುವ ದೊಡ್ಡ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಕ್ಯಾಮೆರಾ ಕಾಳನ್ನು ನೋಡುತ್ತದೆ, ಬೇಡವಾದುದನ್ನು ಗಾಳಿಯ ಚಿಮ್ಮು ಆಚೆ ತಳ್ಳುತ್ತದೆ. ಬಿಲ್ಲೆಯನ್ನು ಕ್ಯಾಮೆರಾದಿಂದ ಗುರುತಿಸಿ, ಗಾಳಿಯ ಕವಾಟವನ್ನು ಸರಿಯಾದ ಕ್ಷಣಕ್ಕೆ ತೆರೆಯುವ ವಿದ್ಯಾರ್ಥಿಗೆ ಈ ತತ್ತ್ವ ಅಪರಿಚಿತವಲ್ಲ. ಸಣ್ಣ ಬೆಳೆಗಾರನಿಗೋ ನಾಲ್ಕೈದು ಮಂದಿ ಕೂಡಿ ನಡೆಸುವ ಶೆಡ್ಡಿಗೋ ಒಗ್ಗುವ ಚಿಕ್ಕ ಯಂತ್ರವೊಂದು ಇಲ್ಲಿಂದ ಹೊರಬರಬಾರದೇಕೆ?

ಬರಬಹುದು, ಆದರೆ ಸುಲಭವಾಗಿ ಅಲ್ಲ. ಸ್ಪರ್ಧೆಯ ರೋಬೋಟ್ ಒಂದು ಪಂದ್ಯದಲ್ಲಿ ಓಡಬೇಕಾದುದು ಮೂರೇ ನಿಮಿಷ, ಅದೂ ಸ್ವಚ್ಛವಾದ ಅಂಕಣದಲ್ಲಿ. ಶೆಡ್ಡಿನ ಯಂತ್ರವಾದರೋ ಬೇಸಿಗೆಯ ಬಿಸಿಲು, ಧೂಳು, ಅಂಟುವ ಸಕ್ಕರೆ, ಕೈಕೊಡುವ ವಿದ್ಯುತ್ತುಗಳ ನಡುವೆ ಹಂಗಾಮು ಪೂರ್ತಿ ದುಡಿಯಬೇಕು. ಕೆಟ್ಟರೆ ಅಂದೇ ಅಲ್ಲಿಯೇ ರಿಪೇರಿಯಾಗಬೇಕು. ಈ ಅಂತರವನ್ನು ತುಂಬಬಲ್ಲವನು ಯಂತ್ರ ರಿಪೇರಿ ಮಾಡಿ ನುರಿತ ವರ್ಕ್‌ಶಾಪ್ ಮಾಲೀಕ, ಜೊತೆಗೆ ತನ್ನ ಮಾಲಿನ ಸ್ವಭಾವವನ್ನು ಬಲ್ಲ ವ್ಯಾಪಾರಿ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸೂಚನೆ ಇಷ್ಟು: ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಆರಿಸುವ ಮುನ್ನವೇ ಕಾಲೇಜಿನ ವಿಭಾಗ ಮುಖ್ಯಸ್ಥರನ್ನು ಕಂಡು, ತಮ್ಮ ಶೆಡ್ಡಿನ ಒಂದೇ ಒಂದು ತೊಡಕನ್ನು ಬರಹದಲ್ಲಿ ಕೊಡಬೇಕು. ಗಂಟೆಗೆ ಎಷ್ಟು ಕಿಲೋ, ಎಷ್ಟು ಬಗೆ, ಎಷ್ಟು ಬೆಲೆಯೊಳಗೆ ಎಂಬುದು ಅದರಲ್ಲಿರಲಿ. ಪರೀಕ್ಷೆಗಾಗಿ ಎರಡು ಪೆಟ್ಟಿಗೆ ಮಣೂಕವನ್ನೂ ಜೊತೆಗೆ ಕಳುಹಿಸಬೇಕು. ಅದರಲ್ಲಿ ಒಳ್ಳೆಯ ಮಾಲಿನೊಂದಿಗೆ ಕಪ್ಪಾದದ್ದೂ, ತೊಟ್ಟು ಉಳಿದದ್ದೂ ಬೆರೆತಿರಲಿ.