ಕುಕನೂರು ಸೀಮೆಯಲ್ಲಿ ಪುಸ್ತಕ ಹುಟ್ಟುವ ಬಗೆ

ಕವಿ ‘ಕಾವ್ಯಾನಂದ’ ಸಿದ್ದಯ್ಯ ಪುರಾಣಿಕರು 1918ರಲ್ಲಿ ಹುಟ್ಟಿದ ದ್ಯಾಂಪುರ ಇಂದು ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿನಲ್ಲಿದೆ. ಅವರದು ಪುರಾಣ ಬರೆಯುವ, ಓದುವ, ಅರ್ಥ ಹೇಳುವ ಮನೆತನ. ಶ್ರಾವಣ ಬಂತೆಂದರೆ ಈ ಭಾಗದ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಹಾಡಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ತಿಂಗಳುಗಟ್ಟಲೆ ಊರೇ ಕೂತು ಕೇಳುತ್ತದೆ. ಅಚ್ಚುಕೂಟ ಬರುವ ಮುಂಚೆ ಕೃತಿಯೊಂದು ಪ್ರಕಟವಾಗುತ್ತಿದ್ದುದು ಹೀಗೆ. ಬರೆದವನಿಗೆ ಪ್ರಕಾಶಕ ಬೇಕಿರಲಿಲ್ಲ, ಕೇಳುವ ಮಂದಿ ಸಾಕಿತ್ತು.

ಅಚ್ಚಿನ ಕಾಲ ಬಂದಾಗ ಕುಕನೂರಿನ ಎದುರಿಗೆ ಒಂದು ಗಡಿ ಇತ್ತು. 1948ರವರೆಗೆ ಇದು ನಿಜಾಮನ ಸೀಮೆ. ಪಡುವಣ ದಿಕ್ಕಿನ ಗದಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಈ ಕಡೆ ಆಡಳಿತದ ಭಾಷೆ ಉರ್ದು, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಸಭೆ ಸೇರಬೇಕೆಂದರೂ ಸರ್ಕಾರದ ಅಪ್ಪಣೆ ಬೇಕಿತ್ತು. ಅಂಥ ಕಡೆ ಕನ್ನಡ ಪುಸ್ತಕ ತರುವುದು ಎಷ್ಟು ಕಷ್ಟವಾಗಿದ್ದೀತು! ಅತ್ತ ಗದಗಿನಲ್ಲಿ ಶಾಬಾದಿಮಠ ಬುಕ್ ಡಿಪೋ, ಬಿ.ಜಿ. ಸಂಕೇಶ್ವರರ ಅಚ್ಚುಕೂಟಗಳು ಬೆಳೆದು ಪುರಾಣ, ನಾಟಕ, ನಿಘಂಟುಗಳನ್ನು ಉತ್ತರ ಕರ್ನಾಟಕದ ಮನೆಮನೆಗೆ ಮುಟ್ಟಿಸಿದವು.

ಪ್ರಭುತ್ವ ಬಾಯಿ ಕಟ್ಟಿದಾಗ ಗಡಿ ದಾಟಿ ಅಚ್ಚು ಹಾಕಿದವರು ಹಳೆಯ ಮೈಸೂರಿನಲ್ಲಿಯೂ ಇದ್ದರು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ‘ಮೈಸೂರು ಚಲೋ’ ಚಳವಳಿಯ ಹೊತ್ತಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ ಪತ್ರಿಕೆಯನ್ನು ಸಂಸ್ಥಾನದ ಆಚೆಗಿನ ಹಿಂದೂಪುರದಿಂದ ಹೊರಡಿಸಿದರು.

ಆದರೆ ಸ್ವಂತ ಪ್ರಕಟಣೆ ಎಂದಾಗ ಫ.ಗು. ಹಳಕಟ್ಟಿಯವರಿಗಿಂತ ದೊಡ್ಡ ಹೆಸರು ನನಗೆ ಹೊಳೆಯುವುದಿಲ್ಲ. ಹಳ್ಳಿಹಳ್ಳಿಯ ಮನೆಗಳಿಂದ ತಾಳೆಗರಿ ಕೂಡಿಸಿ ವಚನಗಳನ್ನು ಸಂಪಾದಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಕೊನೆಗೆ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚಾಯಿತು. ಇನ್ನೊಬ್ಬರ ಬಾಗಿಲು ಕಾಯುವುದು ಬೇಡವೆಂದು 1925ರಲ್ಲಿ ವಿಜಯಪುರದಲ್ಲಿ ತಮ್ಮದೇ ‘ಹಿತಚಿಂತಕ’ ಮುದ್ರಣಾಲಯ ಹೂಡಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ವಕೀಲಿ ಮಾಡಿ ಹಾಯಾಗಿ ಇರಬಹುದಾಗಿದ್ದ ಮನುಷ್ಯ ಮೊಳೆ, ಮಸಿ, ಸಾಲಗಳ ನಡುವೆ ಆಯುಷ್ಯ ಕಳೆದರು. ಇಂದು ನಾವು ವಚನ ಓದುತ್ತಿರುವುದರ ಹಿಂದೆ ಆ ಪ್ರೆಸ್ಸಿನ ದುಡಿಮೆಯಿದೆ.

ಮಠಗಳೂ ಪ್ರಕಾಶಕರಾದವು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರನ್ನು ಜನ ‘ಪುಸ್ತಕದ ಸ್ವಾಮೀಜಿ’ ಎಂದೇ ಕರೆದರು. ಮಠದ ಅಧ್ಯಯನ ಸಂಸ್ಥೆಯಿಂದ ಬಂದ ಪುಸ್ತಕಗಳ ಸಾಲು ಅಷ್ಟು ಉದ್ದ. ಅದೇ ಊರಿನ ಲಡಾಯಿ ಪ್ರಕಾಶನ ಚಳವಳಿಯ ಬರಹಗಳಿಗೆ ನೆಲೆಯಾಯಿತು.

ಈಗ ಪುಸ್ತಕ ಅಚ್ಚು ಹಾಕಿಸುವುದು ಮೊದಲಿನಷ್ಟು ಕಷ್ಟವಲ್ಲ. ‘ನುಡಿ’ ಇಲ್ಲವೇ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿ, ಕರಡು ತಿದ್ದಿ, ಡೆಮಿ 1/8 ಅಳತೆಗೆ ಪುಟ ಕಟ್ಟಿಸಿದರೆ 16 ಪುಟಕ್ಕೊಂದು ಫಾರಂ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಪ್ರತಿ ಕಡಿಮೆಯಾದರೂ ಅಷ್ಟೇ, ಹೆಚ್ಚಾದರೂ ಅಷ್ಟೇ. ಹಾಗಾಗಿ 500 ಇಲ್ಲವೇ 1000 ಪ್ರತಿ ಹಾಕಿಸುವುದು ರೂಢಿ. ಡಿಜಿಟಲ್ ಮುದ್ರಣದಲ್ಲಿ 50 ಪ್ರತಿಯೂ ಆಗುತ್ತದೆ, ಬಿಡಿ ಪ್ರತಿಯ ಬೆಲೆ ಮಾತ್ರ ಏರುತ್ತದೆ. ಮಗಳ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಒಂದು ಪ್ರಕಾಶನ, ಹಿರಿಯರೊಬ್ಬರ ಮುನ್ನುಡಿ, ಶಾಲೆಯ ಸಭಾಂಗಣದಲ್ಲಿ ಬಿಡುಗಡೆ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಉಂಟು.

ತೊಡಕು ಇರುವುದು ಆಮೇಲೆ. ಬಿಡುಗಡೆಯ ದಿನ ಹಂಚಿ ಉಳಿದ ಕಟ್ಟುಗಳು ಅಟ್ಟ ಸೇರುತ್ತವೆ. ಊರಲ್ಲಿ ಪುಸ್ತಕದ ಅಂಗಡಿ ಎಂದರೆ ನೋಟ್‌ಬುಕ್, ಗೈಡ್ ಮಾರುವ ಅಂಗಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಹಣ ಬರುವುದರಲ್ಲಿ ಬರಹಗಾರನ ಉತ್ಸಾಹ ಬತ್ತಿರುತ್ತದೆ. ಐಎಸ್‌ಬಿಎನ್ ಸಂಖ್ಯೆ ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ. ಆದರೂ ಎಷ್ಟೋ ಪುಸ್ತಕಗಳು ಅದಿಲ್ಲದೆ ಬರುತ್ತವೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರತಿ ಪ್ರಕಾಶಕ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಹೀಗೆ ಕಳಿಸದೆ ಬಿಟ್ಟ ಪುಸ್ತಕ ಮುಂದೆ ಹುಡುಕುವವರ ಕೈಗೆ ಸಿಗುವುದು ಕಷ್ಟ. ಹಳ್ಳಿಯ ಇತಿಹಾಸ, ಜಾತ್ರೆಯ ಹಾಡು, ಹಂತಿಪದಗಳನ್ನು ಕೂಡಿಸಿದ ಪುಸ್ತಕಗಳೇ ಹೀಗೆ ಹೆಚ್ಚು ಕಳೆದುಹೋಗುತ್ತವೆ. ಅವನ್ನು ಬೇರೆ ಯಾರೂ ಮತ್ತೆ ಬರೆಯುವವರಿಲ್ಲ.

ಅದಕ್ಕೇ ಬರೆಯುವವರಲ್ಲಿ ಒಂದು ಕೋರಿಕೆ: ಮೊದಲ ಕಟ್ಟು ಬಿಚ್ಚಿದ ದಿನವೇ ಒಂದು ಪ್ರತಿಯನ್ನು ಕೋಲ್ಕತ್ತಕ್ಕೆ ಅಂಚೆಗೆ ಹಾಕಿ, ಇನ್ನೊಂದನ್ನು ನಿಮ್ಮೂರ ಗ್ರಂಥಾಲಯಕ್ಕೆ ಕೊಡಿ. ಓದುವವರೂ ಗೌರವ ಪ್ರತಿಗೆ ಕೈಯೊಡ್ಡದೆ ದುಡ್ಡು ಕೊಟ್ಟು ಕೊಳ್ಳಿ.