ನಿಮಗಿದು ಗೊತ್ತೆ? ರಾಷ್ಟ್ರಪ್ರಶಸ್ತಿ ತಂದ ಕುದುರೆ!

ಶಿವಮೊಗ್ಗ ಬಳಿಯ ಸಕ್ರೆಬೈಲು ಎಂದರೆ ಆನೆ ಬಿಡಾರ. ಆದರೆ ಶಿವಮೊಗ್ಗ ಸೀಮೆಗೆ ದೇಶಮಟ್ಟದ ಹೆಸರು ತಂದದ್ದು ಒಂದು ಕುದುರೆ! ಚಂದ್ರಶೇಖರ ಕಂಬಾರರು ತಾವೇ ಬರೆದು, ರಾಗ ಹಾಕಿ, ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆ ಗೀತೆ ಹಾಡಿದವರು ಶಿವಮೊಗ್ಗ ಸುಬ್ಬಣ್ಣ. 1978ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಕನ್ನಡ ಚಿತ್ರಕ್ಕಾಗಿ ‘ಹಂಸಗೀತೆ’ಯ ಬಾಲಮುರಳಿಕೃಷ್ಣ ಮೊದಲೇ ಅದನ್ನು ಪಡೆದಿದ್ದರು ನಿಜ, ಆದರೆ ಅವರು ಆಂಧ್ರದವರು. ಈ ಗೌರವ ಪಡೆದ ಮೊದಲ ಕನ್ನಡಿಗ ಸುಬ್ಬಣ್ಣನವರೇ.

ಹೆಸರಲ್ಲಿ ಶಿವಮೊಗ್ಗ ಇದ್ದರೂ ಹುಟ್ಟೂರು (1938) ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರು. ವೃತ್ತಿಯಲ್ಲಿ ವಕೀಲರು! ಕುವೆಂಪು, ಬೇಂದ್ರೆ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿದ ಅವರು 2022ರ ಆಗಸ್ಟ್‌ನಲ್ಲಿ ನಿಧನರಾದರು. ಸುಗಮ ಸಂಗೀತ ಕಾರ್ಯಕ್ರಮಗಳಲ್ಲಿ ‘ಕುದುರೆ’ಗೆ ಬೇಡಿಕೆ ಇಂದಿಗೂ ತಪ್ಪಿಲ್ಲ.