ನುಂಗಿದ ಮಾತ್ರೆಗೆ ಖಾಲಿ ತೂತೇ ಸಾಕ್ಷಿ

ನಾಲ್ಕು ಮಕ್ಕಳಾದ ಮೇಲೆ ಡೇವಿಡ್ ವ್ಯಾಗ್ನರ್ ಅವರ ಹೆಂಡತಿ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳತೊಡಗಿದರು. ಅದು 1960ರ ದಶಕದ ಆರಂಭ. ಊರು ಅಮೆರಿಕದ ಇಲಿನಾಯ್ ರಾಜ್ಯದ ಜಿನೀವಾ. ಮಾತ್ರೆ ಬರುತ್ತಿದ್ದುದು ಮಾಮೂಲಿ ಸೀಸೆಯಲ್ಲಿ. ಮುಟ್ಟಿನ 5ನೇ ದಿನದಿಂದ 20 ದಿನ, ದಿನಕ್ಕೊಂದರಂತೆ ನುಂಗಬೇಕು, ಆಮೇಲೆ ನಿಲ್ಲಿಸಬೇಕು. ಇವತ್ತಿನದು ಆಯಿತೇ ಎಂದು ಗಂಡ ಕೇಳುವುದು, ಅದಕ್ಕೆ ಇಬ್ಬರೂ ಸಿಡಿಮಿಡಿಗೊಳ್ಳುವುದು ನಡೆದೇ ಇತ್ತು.

ವ್ಯಾಗ್ನರ್ ವೃತ್ತಿಯಲ್ಲಿ ಎಂಜಿನಿಯರ್. ಕಾಗದದ ಮೇಲೆ ವಾರದ ದಿನಗಳನ್ನು ಬರೆದು, ಒಂದೊಂದರ ಮೇಲೂ ಒಂದೊಂದು ಮಾತ್ರೆ ಇಟ್ಟರು. ಏನೋ ಮೇಲೆ ಬಿದ್ದು ಮಾತ್ರೆಗಳೆಲ್ಲ ಚೆಲ್ಲಾಪಿಲ್ಲಿಯಾಗುವ ತನಕ ಈ ಉಪಾಯ ಚೆನ್ನಾಗಿಯೇ ನಡೆಯಿತು.

ಆಗ ಹುಟ್ಟಿದ್ದು ದುಂಡನೆಯ ಡಬ್ಬಿ. ಪ್ಲಾಸ್ಟಿಕ್, ಡ್ರಿಲ್ಲು, ಅಂಟುಪಟ್ಟಿ, ಮಕ್ಕಳ ಆಟಿಕೆಯಿಂದ ಕಿತ್ತ ಒಂದು ಗುಂಡಿ, ಹೀಗೆ ಮನೆಯಲ್ಲೇ ಸಿಕ್ಕ ಸರಂಜಾಮು. ಒಂದರ ಮೇಲೊಂದು ಮೂರು ಬಿಲ್ಲೆ. ಕೆಳಗಿನದರಲ್ಲಿ ವಾರದ ಹೆಸರುಗಳು, ನಡುವಿನದರಲ್ಲಿ 20 ಮಾತ್ರೆಗೆ 20 ತೂತು, ಮೇಲಿನದರಲ್ಲಿ ಒಂದೇ ತೂತು. ತಿರುಗಿಸಿದರೆ ಅಂದಿನ ಮಾತ್ರೆ ಸಿಗುತ್ತದೆ. ತೆಗೆದ ಜಾಗದಲ್ಲಿ ಆ ವಾರದ ಹೆಸರು ಕಾಣುತ್ತದೆ. 1964ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ವ್ಯಾಗ್ನರ್ ಕೈಯಾರೆ ಮಾಡಿದ ಮಾದರಿ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ಇದರ ಜಾಣತನವೆಲ್ಲ ಒಂದೇ ಕಡೆ ಇದೆ. ಲೆಕ್ಕ ಬರೆಯುವ ಕೆಲಸವೇ ಇಲ್ಲ. ಮಾತ್ರೆ ತೆಗೆದದ್ದೇ ಲೆಕ್ಕ. ಸ್ವೀಡನ್ನಿನ ಸಿಮೋನ್ ಯೆಚ್ 2018ರಲ್ಲಿ ಜನರ ಮುಂದಿಟ್ಟ ಗೋಡೆ ಕ್ಯಾಲೆಂಡರ್ ಹಾಗಲ್ಲ. ಧ್ಯಾನ ಮಾಡಿದ ದಿನ ಅದರ 365 ಬಿಲ್ಲೆಗಳಲ್ಲಿ ಆ ದಿನದ್ದನ್ನು ಮುಟ್ಟಿದರೆ ದೀಪ ಹತ್ತುತ್ತದೆ. ನೋಡಲು ಬಲು ಚೆಂದ. ಆದರೆ ಧ್ಯಾನ ಮಾಡದೆ ಮುಟ್ಟಿದರೂ ಹತ್ತುತ್ತದೆ!

ಜಾರ್ಜ್‌ಟೌನ್ ವಿಶ್ವವಿದ್ಯಾಲಯ ರೂಪಿಸಿದ, ಭಾರತದಲ್ಲಿ ಮಾಲಾ ಚಕ್ರ ಎನ್ನಿಸಿಕೊಂಡ ಮಣಿಸರಕ್ಕೂ ಇದೇ ತೊಡಕು. 32 ಮಣಿ, ಒಂದು ರಬ್ಬರ್ ಉಂಗುರ. ಮುಟ್ಟಾದ ದಿನ ಉಂಗುರ ಕೆಂಪು ಮಣಿಯ ಮೇಲೆ, ಆಮೇಲೆ ದಿನಕ್ಕೊಂದು ಮಣಿ ಮುಂದಕ್ಕೆ. 8ರಿಂದ 19ನೇ ದಿನದವರೆಗೆ ಬಿಳಿ ಮಣಿಗಳು. ಗರ್ಭ ನಿಲ್ಲುವ ಸಂಭವವಿರುವ ದಿನಗಳವು; ಗರ್ಭ ಬೇಡವೆಂದರೆ ಆ ದಿನಗಳಲ್ಲಿ ಕೂಡಬಾರದೆಂಬುದು ನಿಯಮ. ಕತ್ತಲಲ್ಲೂ ಅವು ಹೊಳೆಯುತ್ತವೆ. ರೂಪಿಸಿದವರಿಗೆ ಇದನ್ನು ನೋಡುವ ಹೊತ್ತು ಯಾವುದೆಂದು ಚೆನ್ನಾಗಿ ಗೊತ್ತಿತ್ತು. ಋತುಚಕ್ರ 26ರಿಂದ 32 ದಿನಗಳಷ್ಟಿರುವವರಿಗೆ ಮಾತ್ರ ಈ ಸರ. ಬೊಲಿವಿಯಾ, ಪೆರು, ಫಿಲಿಪ್ಪೀನ್ಸ್‌ಗಳ 478 ಮಹಿಳೆಯರ ಅಧ್ಯಯನದ ಪ್ರಕಾರ, ಈ ನಿಯಮ ಚಾಚೂ ತಪ್ಪದೆ ಪಾಲಿಸಿದರೆ ವರ್ಷದಲ್ಲಿ ನೂರಕ್ಕೆ 5ರಷ್ಟು ಮಹಿಳೆಯರು ಗರ್ಭ ಧರಿಸುತ್ತಾರೆ. ಪಾಲಿಸುವುದು ಬಿಡುವುದು ಎರಡೂ ಸೇರಿದ ನಿತ್ಯಬಳಕೆಯಲ್ಲಿ 12ರಷ್ಟು. ಉಂಗುರ ಸರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಮದ್ದು, ಮುಟ್ಟಾದ ದಿನವನ್ನು ಕ್ಯಾಲೆಂಡರಿನಲ್ಲೂ ಗುರುತು ಹಾಕುವುದು. ಅಲ್ಲಿಗೆ ಸರಕ್ಕೊಂದು ಜಾಮೀನು ಬೇಕಾಯಿತು.

ಭಾರತದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ಕೊಡುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನ ಸ್ಟ್ರಿಪ್ಪಿನಲ್ಲೂ ವ್ಯಾಗ್ನರ್ ಡಬ್ಬಿಯ ಗುಣವಿದೆ: ಒಡೆದ ಗುಳಿಗಳನ್ನು ಎಣಿಸಿದರೆ ಎಷ್ಟು ದಿನವಾಯಿತೆಂದು ತಿಳಿಯುತ್ತದೆ. ಆದರೆ ವ್ಯಾಗ್ನರ್ ಬಗೆಹರಿಸದೆ ಬಿಟ್ಟ ಒಂದು ಗೋಜಲನ್ನು ಇದು ಬಿಡಿಸಿದೆ. ಒಟ್ಟು 28 ಮಾತ್ರೆಗಳಲ್ಲಿ ಹಾರ್ಮೋನು ಇರುವುದು 21ರಲ್ಲಷ್ಟೇ. ಗರ್ಭ ತಡೆಯಲು ಉಳಿದ 7 ಬೇಕಿಲ್ಲ, ಅವು ಕಬ್ಬಿಣಾಂಶದವು. ರಕ್ತಹೀನತೆ ತಡೆಯಲು ಒಂದಿಷ್ಟು ಆಸರೆ ಆಯಿತು. ಜೊತೆಗೆ, ವಾರ ಬಿಟ್ಟು ಮತ್ತೆ ಯಾವತ್ತು ಶುರುಮಾಡಬೇಕು ಎಂದು ದಿನ ಎಣಿಸುವುದು ತಪ್ಪಿತು. ಒಂದು ಸ್ಟ್ರಿಪ್ ಮುಗಿದ ಮರುದಿನವೇ ಇನ್ನೊಂದನ್ನು ಒಡೆದರಾಯಿತು.